ಉಲ್ಲೇಖಗಳ ಲೆಕ್ಕಕ್ಕೆ ಸಿಗದ ಗ್ರಂಥಾಲಯ ಸಂಶೋಧನೆ

ನ್ಯೂಜಿಲೆಂಡಿನ ಹೊರೊಫೆನುವಾ ಎಂಬ ಸಣ್ಣ ಜಿಲ್ಲೆಯ ಗ್ರಂಥಾಲಯ ಟ್ರಸ್ಟ್, ತನ್ನ ಹಳೆಯ ಕಂಪ್ಯೂಟರ್ ವ್ಯವಸ್ಥೆ 2000ನೇ ಇಸವಿಯ ಹೊಸ್ತಿಲಲ್ಲಿ ಕೈಕೊಡಬಹುದೆಂಬ ಆತಂಕದಿಂದ 1999ರಲ್ಲಿ ಹೊಸ ತಂತ್ರಾಂಶವೊಂದನ್ನು ಬರೆಸಿತು. ಮುಕ್ತವಾಗಿ ಬಿಟ್ಟುಕೊಟ್ಟ ಆ 'ಕೋಹಾ' ತಂತ್ರಾಂಶದಿಂದ ಇಂದು ಜಗತ್ತಿನ ಸಾವಿರಾರು ಗ್ರಂಥಾಲಯಗಳು ಸೂಚೀಕರಣ (ಪುಸ್ತಕಗಳ ವಿವರ ದಾಖಲಿಸುವ ಕೆಲಸ) ಮತ್ತು ಪುಸ್ತಕಗಳ ಎರವಲು ನಿರ್ವಹಿಸುತ್ತಿವೆ. ಆದರೂ ಒಂದು ಪ್ರಬಂಧವನ್ನು ಬೇರೆ ಪ್ರಬಂಧಗಳು ಎಷ್ಟು ಸಲ ಹೆಸರಿಸಿವೆ ಎಂಬ ಉಲ್ಲೇಖಗಳನ್ನಷ್ಟೇ ಎಣಿಸುವವರಿಗೆ ಈ ಪ್ರಭಾವದ ಬಹುಭಾಗ ಕಾಣಿಸದು. ಅದನ್ನು ಬಳಸುವ ಗ್ರಂಥಪಾಲಕರಲ್ಲಿ ಹೆಚ್ಚಿನವರು ಪ್ರಬಂಧ ಬರೆಯುವವರಲ್ಲ. ಪ್ರಾದೇಶಿಕ ಗ್ರಂಥಾಲಯ ಸಂಶೋಧನೆಯನ್ನು ಅಳೆಯುವಾಗ ಎದುರಾಗುವ ಮೊದಲ ತೊಡಕೇ ಇದು.

ಗ್ರಂಥಾಲಯದ ಕೆಲಸವನ್ನು ಅಂಕಿಅಂಶಗಳಿಂದ ಅಳೆಯಬೇಕೆಂದು ಭಾರತದ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1948ರಲ್ಲೇ ಪ್ರತಿಪಾದಿಸಿ, ಆ ಶಾಖೆಯನ್ನು 'ಲೈಬ್ರಮೆಟ್ರಿ' ಎಂದು ಕರೆದಿದ್ದರು. ಅಳತೆಯ ವಿದ್ಯೆಯನ್ನು ಬೆಳೆಸಿದ ಕ್ಷೇತ್ರವೇ ಅದರ ಅಳತೆಗೆ ಸರಿಯಾಗಿ ಸಿಗದಿರುವುದು ವಿಚಿತ್ರವೇ ಸರಿ.

ಒಂದು ಪತ್ರಿಕೆಯ ಲೇಖನಗಳಿಗೆ ಸರಾಸರಿ ಎಷ್ಟು ಉಲ್ಲೇಖಗಳು ಬಂದವೆಂದು ಹೇಳುವ ಇಂಪ್ಯಾಕ್ಟ್ ಫ್ಯಾಕ್ಟರ್ ಲೆಕ್ಕವನ್ನೇ ನೋಡೋಣ. ಹಿಂದಿನ ಎರಡು ವರ್ಷಗಳಲ್ಲಿ ಒಂದು ಪತ್ರಿಕೆ 40 ಲೇಖನಗಳನ್ನು ಪ್ರಕಟಿಸಿದ್ದು, ಅವುಗಳಿಗೆ ಈ ವರ್ಷ 20 ಉಲ್ಲೇಖಗಳು ಬಂದರೆ ಅದರ ಅಂಕ 0.5. ಯಾವುದೋ ಒಂದೇ ಲೇಖನಕ್ಕೆ ಇನ್ನೂ 20 ಉಲ್ಲೇಖಗಳು ಬಂದರೆ ಅಂಕ 1ಕ್ಕೆ ಏರುತ್ತದೆ, ಉಳಿದ 39 ಲೇಖನಗಳು ಇದ್ದಲ್ಲೇ ಇರುತ್ತವೆ. ಸಣ್ಣ ಪತ್ರಿಕೆಗಳ ವಿಷಯದಲ್ಲಿ ಇಂಥ ಸರಾಸರಿಯನ್ನು ನಂಬಿ ಬಡ್ತಿ, ಅನುದಾನಗಳನ್ನು ನಿರ್ಧರಿಸುವುದು ಅವಿವೇಕವೆಂದೇ ನನ್ನ ಅಭಿಪ್ರಾಯ. ಸ್ಥಳೀಯವಾಗಿ ಪ್ರಸ್ತುತವಾದ ಸಂಶೋಧನೆಯ ಶ್ರೇಷ್ಠತೆಯನ್ನು ಕಾಪಾಡಬೇಕೆಂದು ಸಂಶೋಧನೆಯನ್ನು ಅಳೆಯುವ ಬಗೆಗೆ ತಜ್ಞರು ರೂಪಿಸಿದ 2015ರ ಲೈಡನ್ ಪ್ರಣಾಳಿಕೆಯೂ ಹೇಳಿದೆ.

ಬಂದ ಉಲ್ಲೇಖಗಳೂ ದಾರಿಯಲ್ಲೇ ಕಳೆದುಹೋಗುವುದುಂಟು. ಒಬ್ಬ ಲೇಖಕಿಯ ಇನಿಷಿಯಲ್ ಒಮ್ಮೆ ಹೆಸರಿನ ಮುಂದೆ, ಇನ್ನೊಮ್ಮೆ ಹಿಂದೆ ಅಚ್ಚಾಗುತ್ತದೆ. ರೋಮನ್ ಲಿಪಿಗೆ ಬಂದಾಗ ಕಾಗುಣಿತವೂ ಬದಲಾಗುತ್ತದೆ. ದತ್ತಸಂಚಯ ಅವರನ್ನು ಮೂರು ಬೇರೆ ವ್ಯಕ್ತಿಗಳೆಂದು ಭಾವಿಸಿದರೆ ಅವರ ಸಾಧನೆಯೂ ಮೂರು ಪಾಲಾಗುತ್ತದೆ. ಪ್ರತಿ ಲೇಖಕರಿಗೆ ಪ್ರತ್ಯೇಕವಾಗಿ ಕೊಡುವ, 2012ರಲ್ಲಿ ಆರಂಭವಾದ ಆರ್ಕಿಡ್ ಗುರುತುಸಂಖ್ಯೆ ಲೇಖಕರ ಗೊಂದಲವನ್ನೂ, ಪ್ರತಿ ಲೇಖನಕ್ಕೆ ಕೊಡುವ ಡಿಓಐ ಸಂಖ್ಯೆ ಲೇಖನಗಳ ಗೊಂದಲವನ್ನೂ ಬಹುಮಟ್ಟಿಗೆ ಬಗೆಹರಿಸುತ್ತವೆ. ಜೊತೆಗೆ ಪ್ರತಿ ಲೇಖನದ ಗ್ರಂಥಋಣವನ್ನು ಯಂತ್ರ ಓದಬಲ್ಲ ರೂಪದಲ್ಲಿ, ಡಿಓಐ ನೋಂದಾಯಿಸುವ ಸಂಸ್ಥೆಯಾದ ಕ್ರಾಸ್‌ರೆಫ್‌ಗೆ ಸಲ್ಲಿಸಿದರೆ, ಯಾರು ಯಾರನ್ನು ಉಲ್ಲೇಖಿಸಿದ್ದಾರೆ ಎಂಬುದು ಎಲ್ಲರಿಗೂ ತೆರೆದಿರುತ್ತದೆ. ಇವೆಲ್ಲ ಸೂಚೀಕರಣದ ಕೆಲಸಗಳೇ ಆದ್ದರಿಂದ ಗ್ರಂಥಪಾಲಕರಿಗೆ ಹೊಸತಲ್ಲ. ತಮ್ಮದೇ ಪತ್ರಿಕೆಗಳ ವಿಷಯದಲ್ಲಿ ಮಾತ್ರ ಏಕೋ ಉದಾಸೀನ.

ಪ್ರಭಾವವನ್ನು ಹೆಚ್ಚಿಸಲು ಪ್ರಾದೇಶಿಕ ಪ್ರಶ್ನೆಗಳನ್ನೇ ಕೈಬಿಡುವವರೂ ಇದ್ದಾರೆ, ಅದು ತಪ್ಪುದಾರಿ. ಲೇಖನ ಸ್ಥಳೀಯ ಭಾಷೆಯಲ್ಲೇ ಇರಲಿ, ಅದರ ಸಾರಾಂಶ ಮತ್ತು ವಿಷಯಪದಗಳು ಇಂಗ್ಲಿಷಿನಲ್ಲೂ ಇದ್ದರೆ ಹುಡುಕುವವರಿಗೆ ಸಿಗುತ್ತದೆ. ಇನ್ನೂ ಫಲಕಾರಿಯಾದದ್ದು ಹೋಲಿಕೆ: ಓದುಗರ ಸಮೀಕ್ಷೆಗೆ ಪ್ರತಿಯೊಬ್ಬರೂ ತಮ್ಮದೇ ಪ್ರಶ್ನಾವಳಿ ಹೆಣೆಯುವ ಬದಲು, ಬೇರೆ ದೇಶಗಳಲ್ಲಿ ಈಗಾಗಲೇ ಬಳಕೆಯಾಗಿರುವ ಪ್ರಶ್ನೆಗಳನ್ನೇ ಸೇರಿಸಿಕೊಂಡು ಮೂಲ ದತ್ತಾಂಶವನ್ನು ಮುಕ್ತವಾಗಿಟ್ಟರೆ, ದೂರದ ಸಂಶೋಧಕರು ಆ ಅಂಕಿಗಳನ್ನು ತಮ್ಮ ಅಂಕಿಗಳ ಪಕ್ಕದಲ್ಲಿಟ್ಟು ನೋಡಬಹುದು.