ಕಡಲ ಗಾಳಿಗೆ ಜಿಗಿಯುವ ವಿಎಫ್‌ಒ: ಹಳೆಯ ಹ್ಯಾಮ್ ಸೆಟ್ಟಿನ ಟ್ಯೂನಿಂಗ್ ರಿಪೇರಿ

ಕಾರವಾರದಿಂದ ಭಟ್ಕಳದವರೆಗೆ ಹಳೆಯ ಟ್ರಾನ್ಸೀವರ್ ಇಟ್ಟುಕೊಂಡ ಹ್ಯಾಮ್‌ಗಳ (ಹವ್ಯಾಸಿ ರೇಡಿಯೋದವರ) ದೂರು ಹೆಚ್ಚಾಗಿ ಒಂದೇ. 7 ಮೆಗಾಹರ್ಟ್ಸ್‌ನಲ್ಲಿ ಮಾತು ಕೇಳುತ್ತಿರುವಾಗ ಎದುರಿನವರ ದನಿ ತಟ್ಟನೆ ಕೀರಲಾಗುತ್ತದೆ. ನಾಬ್ ಕೊಂಚ ತಿರುಗಿಸಿದರೆ ಸರಿಹೋಗುತ್ತದೆ, ಎರಡು ನಿಮಿಷಕ್ಕೆ ಮತ್ತೆ ಅದೇ ಕತೆ. ಹೆಚ್ಚಾಗಿ ಜಿಗಿಯುತ್ತಿರುವುದು ವಿಎಫ್‌ಒ, ಅಂದರೆ ನಾಬ್ ತಿರುಗಿಸಿದಂತೆ ಫ್ರೀಕ್ವೆನ್ಸಿ ಬದಲಿಸುವ ಆಸಿಲೇಟರ್. ಒಳಗಿನ ಸಂಪರ್ಕಗಳನ್ನು ಆಲ್ಕೋಹಾಲ್ ಹಾಕಿ ಒರೆಸಿದರೆ ವಾರದ ಮಟ್ಟಿಗೆ ಸುಧಾರಿಸಿ, ಮತ್ತೆ ಶುರುವಾಗುತ್ತದೆ. ಇದಕ್ಕೆ ಕಾರಣ ಸರಳ: ಕಡಲ ಗಾಳಿ ತಂದು ಕೂರಿಸಿದ ಉಪ್ಪು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಕರಗುವುದೇ ಇಲ್ಲ ಎನ್ನಬಹುದು. ಒರೆಸಿದಾಗ ಹೋಗುವುದು ಜಿಡ್ಡು ಮತ್ತು ತೇವ ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಗಾಳಿಯ ತೇವಾಂಶ ಸುಮಾರು ಶೇ 75 ದಾಟಿದರೆ ಆ ಉಪ್ಪು ನೀರು ಹೀರಿ ಮತ್ತೆ ಒದ್ದೆಯಾಗುತ್ತದೆ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ದಾಟದ ದಿನವೇ ಅಪರೂಪ.

ಶಿರಸಿಯ ಕಥೆ ಬೇರೆ. ಘಟ್ಟದ ಮೇಲೆ ಸೆಟ್ಟಿಗೆ ಹಿಡಿಯುವುದು ಬೂಷ್ಟು ಮತ್ತು ಥಂಡಿ, ಉಪ್ಪಲ್ಲ. ಅಲ್ಲಿ ಬರೀ ಆಲ್ಕೋಹಾಲ್ ಸಾಕಾಗುತ್ತದೆ. ಘಟ್ಟದ ಕೆಳಗೆ ಮೊದಲು ನೀರು, ಆಮೇಲೆ ಆಲ್ಕೋಹಾಲ್.

ಬಿಚ್ಚುವ ಮೊದಲು ದೋಷ ಎಲ್ಲಿದೆ ಎಂದು ಗೊತ್ತುಮಾಡಿಕೊಳ್ಳಿ. ಕ್ಯಾಲಿಬ್ರೇಟರ್ (ಸೆಟ್ಟಿನೊಳಗೇ ಸ್ಥಿರ ಸಿಗ್ನಲ್ ಕೊಡುವ ಭಾಗ) ಆನ್ ಮಾಡಿ, ಅದರ ಶಿಳ್ಳೆಯನ್ನು ಝೀರೋ ಬೀಟ್‌ಗೆ, ಅಂದರೆ ಶಿಳ್ಳೆ ಇಳಿದು ಇಳಿದು ಕೇಳದಂತಾಗುವ ಬಿಂದುವಿಗೆ ತಂದು ಕಿವಿಗೊಡಿ. ಒಂದೇ ಬ್ಯಾಂಡ್‌ನಲ್ಲಿ ಜಿಗಿತವಿದ್ದರೆ ವಿಎಫ್‌ಒ ಮುಟ್ಟಬೇಡಿ. ದೋಷ ಬ್ಯಾಂಡ್ ಸ್ವಿಚ್ಚಿನ ಸಂಪರ್ಕದಲ್ಲೋ ಆ ಬ್ಯಾಂಡಿನ ಕ್ರಿಸ್ಟಲ್ ಆಸಿಲೇಟರ್‌ನಲ್ಲೋ ಇದೆ. ಎಲ್ಲ ಬ್ಯಾಂಡ್‌ನಲ್ಲೂ ಇದ್ದರೆ ಆರ್‌ಐಟಿ, ಅಂದರೆ ಕೇಳುವ ಫ್ರೀಕ್ವೆನ್ಸಿಯನ್ನಷ್ಟೇ ಕೊಂಚ ಸರಿಸುವ ನಾಬ್, ಆಫ್ ಮಾಡಿ ನೋಡಿ (ಯಾಸು ಸೆಟ್ಟುಗಳಲ್ಲಿ ಇದರ ಹೆಸರು ಕ್ಲಾರಿಫೈಯರ್). ಜಿಗಿತ ನಿಂತರೆ ಆ ಪೊಟೆನ್ಶಿಯೋಮೀಟರ್ ಕೊಳೆಯಾಗಿದೆ ಅಷ್ಟೆ. ಆಗಲೂ ನಿಲ್ಲದಿದ್ದರೆ ವಿಎಫ್‌ಒಗೆ ಹೋಗುವ ರೆಗ್ಯುಲೇಟೆಡ್ ವೋಲ್ಟೇಜ್‌ಗೆ ಡಿಜಿಟಲ್ ಮೀಟರ್ ಹಚ್ಚಿ. ದನಿ ಜಿಗಿದ ಕ್ಷಣದಲ್ಲಿ ಮೀಟರೂ ಜಿಗಿದರೆ ರೆಗ್ಯುಲೇಟರ್ ಬೋರ್ಡಿನ ಟ್ರಿಮ್‌ಪಾಟ್, ಝೀನರ್, ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳನ್ನು ನೋಡಬೇಕು. ಮೀಟರ್ ಅಲುಗದೆ ದನಿ ಮಾತ್ರ ಜಿಗಿದರೆ ಈಗ ವಿಎಫ್‌ಒ ಡಬ್ಬಿ ತೆರೆಯಬಹುದು.

ಕೆನ್‌ವುಡ್ ಟಿಎಸ್-520, ಯಾಸು ಎಫ್‌ಟಿ-101ರಂಥ ಸೆಟ್ಟುಗಳ ಕೊನೆಯ ಹಂತದಲ್ಲಿ ವಾಲ್ವ್‌ಗಳಿವೆ (ಗಾಜಿನ ವ್ಯಾಕ್ಯೂಮ್ ಟ್ಯೂಬ್), ಅವಕ್ಕೆ 600ರಿಂದ 800 ವೋಲ್ಟ್ ಹೋಗುತ್ತದೆ. ಹೀಟರ್ ಸ್ವಿಚ್ ಆಫ್ ಇದ್ದರೂ ಆ ವೋಲ್ಟೇಜ್ ಒಳಗೇ ಇರುತ್ತದೆ. ಪ್ಲಗ್ ಕಿತ್ತು ಹತ್ತು ನಿಮಿಷ ಕಾಯಿರಿ, ಫಿಲ್ಟರ್ ಕೆಪಾಸಿಟರ್ ಮೇಲೆ ಮೀಟರ್ ಇಟ್ಟು ಸೊನ್ನೆ ತೋರಿಸಿದ ಮೇಲೆಯೇ ಕೈ ಹಾಕಿ. ಅವಸರ ಖಂಡಿತ ಬೇಡ.

ಡಬ್ಬಿಯೊಳಗೆ ಮುಖ್ಯ ಅಪರಾಧಿ ಡಯಲ್ ಜೊತೆ ತಿರುಗುವ ವೇರಿಯಬಲ್ ಕೆಪಾಸಿಟರಿನ ವೈಪರ್. ತಿರುಗುವ ಶಾಫ್ಟನ್ನು ಚಾಸಿಗೆ ಜೋಡಿಸುವ ಸಣ್ಣ ಸ್ಪ್ರಿಂಗ್ ಪಟ್ಟಿ ಅದು. ಅಲ್ಲಿ ಕಿಲುಬು ಕಟ್ಟಿದರೆ ಶಾಫ್ಟಿನ ಗ್ರೌಂಡ್ ದಾರಿ ಒಣಗಿದ ಗ್ರೀಸ್ ತುಂಬಿದ ಬೇರಿಂಗ್ ಗುಂಡುಗಳ ಮೂಲಕ ಹಾಯುತ್ತದೆ. ಗುಂಡು ಉರುಳಿದಂತೆಲ್ಲ ಸಂಪರ್ಕ ಬದಲಾಗಿ ಫ್ರೀಕ್ವೆನ್ಸಿ ನೂರಾರು ಹರ್ಟ್ಸ್ ಹಾರುತ್ತದೆ.

ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ. ನಲ್ಲಿ ನೀರು, ಬಾವಿ ನೀರು ಬೇಡ. ಸಪೂರ ಬ್ರಷ್ಷನ್ನು ಅದರಲ್ಲಿ ಅದ್ದಿ, ಚೆನ್ನಾಗಿ ಕೊಡವಿ, ವೈಪರ್ ಮತ್ತು ಅದು ಉಜ್ಜುವ ಜಾಗವನ್ನು ಎರಡು ಮೂರು ಸಲ ಒರೆಸಿ. ತಡಮಾಡದೆ ಶೇ 99ರ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಮತ್ತೆ ಒರೆಸಿ. ಅದು ಉಳಿದ ನೀರನ್ನು ತನ್ನೊಂದಿಗೆ ಎಳೆದುಕೊಂಡು ಆರುತ್ತದೆ. ನೀರು ಹಾಗೇ ನಿಂತರೆ ಉಕ್ಕಿನ ಗುಂಡುಗಳಿಗೆ ತುಕ್ಕು ಗ್ಯಾರಂಟಿ. ಬಳಿಕ ಕಾಂಟ್ಯಾಕ್ಟ್ ಕ್ಲೀನರ್ ಒಂದೇ ಹನಿ, ಸೂಜಿಯ ತುದಿಯಿಂದ ವೈಪರ್ ಮೇಲೆ ಮಾತ್ರ. ಡಬ್ಬಿಯೊಳಗೆ ಸ್ಪ್ರೇ ಹೊಡೆದರೆ ಪ್ಲೇಟುಗಳ ನಡುವೆ ಎಣ್ಣೆ ಪೊರೆ ಕೂತು ಕ್ಯಾಲಿಬ್ರೇಷನ್ ಹಾಳಾಗುತ್ತದೆ. ಡಬ್ಲ್ಯುಡಿ-40 ಇಲ್ಲಿ ಬೇಡವೇ ಬೇಡ. ಥಿನ್ನರ್ ತಗುಲಿದರೆ ಪಾಲಿಸ್ಟೈರೀನ್ ಕೆಪಾಸಿಟರ್‌ಗಳು ಕರಗಿಹೋಗುತ್ತವೆ. ಈಗ ಡಯಲನ್ನು ಈ ತುದಿಯಿಂದ ಆ ತುದಿಗೆ ಇಪ್ಪತ್ತು ಮೂವತ್ತು ಸಲ ತಿರುಗಿಸಿ.

ಹೆಚ್ಚಿನವರು ಮರೆಯುವ ಒಂದು ಕೆಲಸವಿದೆ. ವಿಎಫ್‌ಒ ಡಬ್ಬಿಯನ್ನು ಚಾಸಿಗೆ, ಬೋರ್ಡನ್ನು ಡಬ್ಬಿಗೆ ಹಿಡಿದಿರುವ ಪ್ರತಿ ಸ್ಕ್ರೂ ಕೂಡ ಗ್ರೌಂಡ್ ಸಂಪರ್ಕವೇ. ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ ಕಂಡರೆ ಒಂದೊಂದಾಗಿ ಬಿಚ್ಚಿ, ಜಾಗ ಉಜ್ಜಿ, ಸ್ಟಾರ್ ವಾಷರ್ ಹಾಕಿ ಬಿಗಿಮಾಡಿ. ಎಷ್ಟೋ ಸಲ ರಿಪೇರಿ ಇಲ್ಲಿಗೇ ಮುಗಿಯುತ್ತದೆ.

ಆಮೇಲೆ ಒಣಗಿಸುವುದು. ಮರದ ಪೆಟ್ಟಿಗೆಯಲ್ಲಿ 40 ವಾಟ್ ಬಲ್ಬ್, ಒಂದು ಥರ್ಮಾಮೀಟರ್, ಮೇಲೆ ಕೆಳಗೆ ಗಾಳಿಗೆ ಎರಡೆರಡು ತೂತು. ಬಿಸಿ 45ರಿಂದ 50 ಡಿಗ್ರಿ ಸೆಲ್ಸಿಯಸ್ ದಾಟದಂತೆ ಒಂದು ರಾತ್ರಿ ಇಡಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿದೆಯೆಂದು ಅಲ್ಲಿಡಬೇಡಿ; ಮಸಿಯಲ್ಲಿ ಕರೆಂಟ್ ಹರಿಯುತ್ತದೆ.

ಜಿಗಿತ ಹೋಗಿ ನಿಧಾನ ಜಾರುವಿಕೆ ಮಾತ್ರ ಉಳಿದಿದ್ದರೆ ಅಳೆದು ನೋಡಿ. ಒಂದು ಗಂಟೆ ಬಿಸಿಯಾದ ಮೇಲೆ ಅರ್ಧ ಗಂಟೆಗೆ 100 ಹರ್ಟ್ಸ್ ಒಳಗಿದ್ದರೆ ಈ ಕಾಲದ ಸೆಟ್ಟಿಗೆ ಅದು ಆರೋಗ್ಯವೇ. ಅದಕ್ಕಿಂತ ಹೆಚ್ಚಿದ್ದರೆ ಬಿಸಿ ಸೋಲ್ಡರಿಂಗ್ ಐರನ್ನಿನ ತುದಿಯನ್ನು ಕೆಪಾಸಿಟರ್‌ಗಳ ಹತ್ತಿರ, ತಾಗದಂತೆ, ಒಂದೊಂದಕ್ಕೆ ಐದು ಸೆಕೆಂಡ್ ಹಿಡಿಯಿರಿ. ಯಾವುದಕ್ಕೆ ಬೀಟ್ ವಿಪರೀತ ಓಡುತ್ತದೋ ಅದರ ಮೇಲೆ ಸಂಶಯ ಇಡಿ. ಬದಲಿಸುವಾಗ ಕೆಪಾಸಿಟೆನ್ಸ್ ಮೌಲ್ಯವಷ್ಟೇ ಅಲ್ಲ, ಟೆಂಪರೇಚರ್ ಗುಣಾಂಕವೂ ಅದೇ ಇರಬೇಕು. ಎನ್750 (ಬಿಸಿಯಾದಂತೆ ಮೌಲ್ಯ ಇಳಿಯುವಂಥದ್ದು) ಎಂದಿರುವ ಕಡೆ ಎನ್‌ಪಿ0 (ಬಿಸಿಗೆ ಬಹುತೇಕ ಬದಲಾಗದ್ದು) ಹಾಕಿದರೆ ತಯಾರಕರು ಕೂಡಿಸಿ ಕಳೆದು ಹೊಂದಿಸಿದ ಲೆಕ್ಕವೇ ತಪ್ಪುತ್ತದೆ.

ಕಾಯಿಲ್ ಕೋರ್, ಟ್ರಿಮ್ಮರ್ ತಿರುಗಿಸುವುದು ಎಲ್ಲಕ್ಕಿಂತ ಕೊನೆಗೆ. ಕೊಳೆಯಾದ ಸಂಪರ್ಕದ ಮೇಲೆ ಅಲೈನ್‌ಮೆಂಟ್ ಮಾಡಿದರೆ, ಶುಚಿ ಮಾಡಿದ ದಿನ ಅಷ್ಟೂ ಕೆಡುತ್ತದೆ. ಟಿಎಸ್-520ರ ವಿಎಫ್‌ಒ 4.9ರಿಂದ 5.5 ಮೆಗಾಹರ್ಟ್ಸ್, ಎಫ್‌ಟಿ-101ರದ್ದು 8.7ರಿಂದ 9.2. ವಿಎಫ್‌ಒ ಫ್ರೀಕ್ವೆನ್ಸಿಯ ಕಡಿಮೆ ತುದಿಯನ್ನು ಕಾಯಿಲ್‌ನಿಂದ, ಹೆಚ್ಚಿನ ತುದಿಯನ್ನು ಟ್ರಿಮ್ಮರ್‌ನಿಂದ ಕೂರಿಸಿ. ಒಂದು ತುದಿ ಇನ್ನೊಂದನ್ನು ಎಳೆಯುವುದರಿಂದ ನಾಲ್ಕೈದು ಸಲ ಹೋಗಿ ಬರಬೇಕಾಗುತ್ತದೆ. ಪ್ಲಾಸ್ಟಿಕ್ ಟೂಲ್ ಬಳಸಿ, ಡಬ್ಬಿಯ ಮುಚ್ಚಳ ಹಾಕಿಯೇ ತೂತಿನ ಮೂಲಕ ತಿರುಗಿಸಿ. ಮುಚ್ಚಳ ಕೂತಾಗ ಫ್ರೀಕ್ವೆನ್ಸಿ ಸರಿಯುತ್ತದೆ.

ಪಿಎಲ್‌ಎಲ್ (ಫ್ರೀಕ್ವೆನ್ಸಿಯನ್ನು ಸ್ಥಿರ ಆಸಿಲೇಟರ್‌ಗೆ ಲಾಕ್ ಮಾಡುವ ಸರ್ಕ್ಯೂಟ್) ಇರುವ ಸೆಟ್ಟುಗಳಿಗೆ ಈ ದಾರಿ ನಡೆಯದು. ಟಿಎಸ್-440ಎಸ್‌ನಲ್ಲಿ ಅಂಕಿಗಳ ಬದಲು ಬರೀ ಚುಕ್ಕೆಗಳು ಕಂಡರೆ ಪಿಎಲ್‌ಎಲ್ ಲಾಕ್ ತಪ್ಪಿದೆ ಎಂದರ್ಥ. ವಿಸಿಒ (ವೋಲ್ಟೇಜ್‌ನಿಂದ ಫ್ರೀಕ್ವೆನ್ಸಿ ಬದಲಿಸುವ ಆಸಿಲೇಟರ್) ಭಾಗಗಳು ಅಲುಗದಿರಲಿ ಎಂದು ಕಾರ್ಖಾನೆಯಲ್ಲಿ ಸುರಿದ ಅಂಟು ವರ್ಷ ಕಳೆದಂತೆ ಕೆಟ್ಟು, ತೇವ ಹೀರಿ ಕರೆಂಟ್ ಸೋರಿಸುತ್ತದೆ. ಅದನ್ನು ಮರದ ಕಡ್ಡಿಯಿಂದ ಕೆರೆದು ಪೂರ್ತಿ ತೆಗೆಯಬೇಕು. ಅರೆಬರೆ ತೆಗೆದರೆ ಮುಂದಿನ ಮಳೆಗಾಲಕ್ಕೆ ಚುಕ್ಕೆಗಳು ಮತ್ತೆ ಬರುತ್ತವೆ. ಅಂಟಿನ ಕೆಳಗಿನ ಕೆಪಾಸಿಟರ್ ಕಾಲುಗಳು ಕಪ್ಪಾಗಿದ್ದರೆ ಅವನ್ನೂ ಬದಲಿಸಿ, ನಂತರ ಸರ್ವಿಸ್ ಮ್ಯಾನ್ಯುಯಲ್ ಹೇಳಿದ ವೋಲ್ಟೇಜ್‌ಗೆ ವಿಸಿಒ ಟ್ರಿಮ್ಮರ್ ಹೊಂದಿಸಿ.