ಕಾಪುವಿನ ಬಂಡೆಯಲ್ಲಿ ಕೆಲ್ಪ್ ಯಾಕೆ ಇಲ್ಲ

ತಿಂಗಳಿಗೊಬ್ಬರಾದರೂ ಮೊಬೈಲ್ ಹಿಡಿದು ಬರುತ್ತಾರೆ. ಅದರಲ್ಲಿ ಕ್ಯಾಲಿಫೋರ್ನಿಯಾದ ಕೆಲ್ಪ್ ಕಾಡಿನ ವಿಡಿಯೋ. ತೆಂಗಿನ ಮರಕ್ಕಿಂತ ಎತ್ತರದ ಕಂದು ಪಾಚಿ, ಹದ ಸಿಕ್ಕಿದರೆ ದಿನಕ್ಕೆ ಅರ್ಧ ಮೀಟರ್ ಬೆಳೆಯುತ್ತದೆ. "ಸಾರ್, ಕಾಪುವಿನಲ್ಲೂ ಬಂಡೆ ಉಂಟು, ಸೋಮೇಶ್ವರದಲ್ಲೂ ಉಂಟು. ಬೀಜ ಎಲ್ಲಿ ಸಿಗ್ತದೆ?"

ಅದಕ್ಕೆ ಬೀಜವೇ ಇಲ್ಲ, ಬೀಜಾಣು ಇರುವುದು. ಅದಿರಲಿ. ನನಗೆ ತಲೆಬಿಸಿ ಆಗುವುದು ಬಂಡೆಯ ಮಾತಿಗೆ. ಕೆಲ್ಪ್ ಬಂಡೆಯಿಂದ ಏನನ್ನೂ ಹೀರುವುದಿಲ್ಲ. ಬುಡದಲ್ಲಿ ಬೇರಿನ ಹಾಗೆ ಕಾಣುವುದು ಬೇರಲ್ಲ, ಸುಮ್ನೆ ಹಿಡಿದುಕೊಳ್ಳುವ ಕೈ. ಊಟವೆಲ್ಲ ಸುತ್ತಲಿನ ನೀರಿನಿಂದ, ಮೈಯಿಡೀ ಹೀರುತ್ತದೆ. ಅಡಿಕೆ ತೋಟದ ಲೆಕ್ಕವನ್ನು ಕಡಲಿಗೆ ಹಾಕಬೇಡಿ. ಬಂಡೆ ಬೇಕು, ಆದರೆ ಗೊಬ್ಬರ ಇರುವುದು ನೀರಿನಲ್ಲಿ.

ಆ ಗೊಬ್ಬರ ತಳದ ತಣ್ಣನೆ ನೀರಿನಲ್ಲಿ ಜಾಸ್ತಿ. ಗಾಳಿ ದಡದ ಉದ್ದಕ್ಕೂ ಬೀಸಿದಾಗ ಭೂಮಿಯ ತಿರುಗುವಿಕೆಯಿಂದಾಗಿ ಮೇಲಿನ ನೀರು ಹೊರಕ್ಕೆ ಸರಿಯುತ್ತದೆ, ತಳದ್ದು ಮೇಲೆ ಬರುತ್ತದೆ. ಕ್ಯಾಲಿಫೋರ್ನಿಯಾ, ಚಿಲಿ, ದಕ್ಷಿಣ ಆಫ್ರಿಕಾದ ಪಶ್ಚಿಮ ಕರಾವಳಿ, ಎಲ್ಲ ಕಡೆ ಇದೇ ಕಥೆ. ಕ್ಯಾಲಿಫೋರ್ನಿಯಾದಲ್ಲಿ ನೀರು 15–16 ಡಿಗ್ರಿ ದಾಟಿದರೆ ಅದರಲ್ಲಿ ನೈಟ್ರೇಟ್ ಎಂಬ ಗೊಬ್ಬರ ಹೆಚ್ಚುಕಮ್ಮಿ ಖಾಲಿ. ಪೆಸಿಫಿಕ್ ಕಡಲು ಬಿಸಿಯಾಗುವ ಎಲ್ ನಿನೋ ವರ್ಷಗಳಲ್ಲಿ ಅಲ್ಲಿನ ಕಾಡು ಸೊರಗುವುದು ಅದಕ್ಕೇ. ಬಂಡೆ ಇದ್ದಲ್ಲೇ ಇರುತ್ತದೆ, ನೀರು ಬದಲಾಗಿರುತ್ತದೆ.

ಕಳೆದ ವರ್ಷ ಬಂದವರೊಬ್ಬರು ಒಮಾನಿನ ಸಲಾಲದಲ್ಲಿ ವರ್ಷಗಟ್ಟಲೆ ದುಡಿದವರು. ಆ ಕಡೆಯ ಕಡಲಿನಲ್ಲಿ ಮಳೆಗಾಲದಲ್ಲಿ ಕೆಲ್ಪ್ ಬೆಳೆಯುತ್ತಿತ್ತು ಎಂದಾಗ ಅವರಿಗೆ ಖುಷಿಯೋ ಖುಷಿ. "ಹಾಗಾದರೆ ಅದೂ ಅರಬ್ಬಿ ಸಮುದ್ರವೇ ಅಲ್ವಾ?"

"ಆ ತಿಂಗಳುಗಳಲ್ಲಿ ಅಲ್ಲಿ ಕಡಲಿಗೆ ಇಳಿದಿದ್ದೀರಾ?"

"ಅಯ್ಯೋ, ಐಸಿನ ಹಾಗೆ ಮಾರಾಯ್ರೆ!"

ಉತ್ತರ ಅವರ ಬಾಯಲ್ಲೇ ಇತ್ತು. ಅಲ್ಲೂ ಇತ್ತೀಚೆಗೆ ಹುಡುಕಿದವರಿಗೆ ಕೆಲ್ಪ್ ಸಿಗಲಿಲ್ಲವಂತೆ.

ನಮ್ಮಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಳದ ತಣ್ಣೀರು ದಡದ ಕಡೆ ಏರುತ್ತದೆ. ಆದರೆ ಅದೇ ಹೊತ್ತಿಗೆ ನೇತ್ರಾವತಿ, ಫಲ್ಗುಣಿ ತುಂಬಿ ಹರಿಯುತ್ತವೆ. ಮಳೆಯ ಸಿಹಿನೀರು ಹಗುರ, ಮೇಲೆ ಮುಚ್ಚಳದ ಹಾಗೆ ಕೂರುತ್ತದೆ. ಜೊತೆಗೆ ಕೆಂಪು ಮಣ್ಣು. ಬಂಡೆಗೆ ಬಿಸಿಲು ಮುಟ್ಟುವುದಿಲ್ಲ. ಮಳೆ ನಿಂತು ನೀರು ತಿಳಿಯಾಗುವ ಹೊತ್ತಿಗೆ ಮತ್ತೆ 28 ಡಿಗ್ರಿ. ಹಾಗೆಂದು ಆ ಗೊಬ್ಬರ ದಂಡವಾಗುವುದಿಲ್ಲ. ತೇಲುವ ಸಣ್ಣ ಪಾಚಿ ಅದನ್ನು ತಿನ್ನುತ್ತದೆ, ಆ ಪಾಚಿಯನ್ನು ಬೂತಾಯಿ ಮೀನು ತಿನ್ನುತ್ತದೆ. ಅಲ್ಲಿ ಕಾಡಾಗುವುದು ಇಲ್ಲಿ ತಟ್ಟೆಯ ಪುಳಿಮುಂಚಿ ಆಗುತ್ತದೆ. ನನಗಂತೂ ಈ ಬಗ್ಗೆ ತಕರಾರಿಲ್ಲ.

ಕಡಲಪಾಚಿ ಕೃಷಿಯೇ ಬೇಡ ಎನ್ನುತ್ತಿಲ್ಲ. ತಮಿಳುನಾಡಿನಲ್ಲಿ ಬೆಳೆಸುವ ಕಪ್ಪಾಫೈಕಸ್ ಬಿಸಿನೀರಿನ ಕೆಂಪು ಪಾಚಿ, ಅದರ ಲೆಕ್ಕವೇ ಬೇರೆ. ನಮ್ಮ ಮಳೆಗಾಲದ ಅಲೆಗೆ, ಸಿಹಿನೀರಿಗೆ ತಡೆಯುವ ಜಾಗ ಸಿಗುತ್ತದೋ ಎಂದು ಮೊದಲು ನೋಡಬೇಕು. ಪಾಚಿ ಕಟ್ಟಿ ಬೆಳೆಸುವ ಹಗ್ಗ ಕೊಳ್ಳುವ ಮುಂಚೆ ಒಂದು ವರ್ಷ ನೀರಿನ ಬಿಸಿ, ಉಪ್ಪು ಅಳೆದು ಬರೆದಿಡಿ.

ಸಲಾಲದವರು ನವೆಂಬರ್‌ನಲ್ಲಿ ಮತ್ತೆ ಬಂದರು. ಕೈಚೀಲದಲ್ಲಿ ಕಾಪುವಿನ ಬಂಡೆಯಿಂದ ಕಿತ್ತ ಕಂದು ಪಾಚಿ, ಎಲೆಗಳ ನಡುವೆ ಕರಿಮೆಣಸಿನಷ್ಟು ಗಾಳಿಗುಳ್ಳೆಗಳು. "ಇದು ಕೆಲ್ಪ್ ಅಲ್ವಾ ಸಾರ್?" ಅಲ್ಲ, ಸರ್ಗಾಸಮ್ ಎಂಬ ಬೇರೆ ಕಂದು ಪಾಚಿ ಎಂದೆ. ಅವರು ಒಂದು ಗುಳ್ಳೆ ಹಿಚುಕಿದರು. ಟಪ್ ಎಂದಿತು.