ಚಿಲಕ ಕೈಕೊಟ್ಟ ಗ್ಯಾಲಕ್ಸಿ: ಸೈಗಾನ್‌ನ ಮಕ್ಕಳ ವಿಮಾನದ ಹಿನ್ನೆಲೆ

1975ರ ಏಪ್ರಿಲ್ 4ರಂದು ಅಮೆರಿಕ ವಾಯುಪಡೆಯ ಸಿ-5ಎ ಗ್ಯಾಲಕ್ಸಿ ವಿಮಾನ ಸೈಗಾನ್‌ನ ತಾನ್ ಸೊನ್ ನ್ಯುತ್ ನೆಲೆಯಲ್ಲಿ ಇಳಿದಾಗ ಅದರ ಒಡಲಲ್ಲಿದ್ದುದು ದಕ್ಷಿಣ ವಿಯೆಟ್ನಾಂ ಸೇನೆಗೆಂದು ತಂದ ಹೌವಿಟ್ಜರ್ ಫಿರಂಗಿಗಳು. ಅವನ್ನು ಇಳಿಸಿದ ಜಾಗಕ್ಕೇ ಮಕ್ಕಳನ್ನು ಹತ್ತಿಸಲಾಯಿತು. ಹ್ಯೂ ಮತ್ತು ದಾ ನಾಂಗ್ ನಗರಗಳು ಮಾರ್ಚ್ ಮುಗಿಯುವಷ್ಟರಲ್ಲಿ ಉತ್ತರದ ಪಡೆಗಳ ವಶವಾಗಿದ್ದವು, ಅನಾಥಾಲಯಗಳ ಮಕ್ಕಳನ್ನು ವಿಮಾನದಲ್ಲಿ ಹೊರತರುವುದಾಗಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಹಿಂದಿನ ದಿನವಷ್ಟೇ ಪ್ರಕಟಿಸಿದ್ದರು. 'ಆಪರೇಷನ್ ಬೇಬಿಲಿಫ್ಟ್' ಎಂಬ ಈ ಕಾರ್ಯಾಚರಣೆಯಲ್ಲಿ ಹೊರಟ ಮೊದಲ ಸೇನಾ ವಿಮಾನ ಇದೇ.

ವಿಮಾನದಲ್ಲಿ 300ಕ್ಕೂ ಹೆಚ್ಚು ಜನರಿದ್ದರು. ಮೇಲಂತಸ್ತಿನಲ್ಲಿ ಆಸನಗಳಿದ್ದವು, ಒಂದೊಂದರಲ್ಲಿ ಇಬ್ಬರು ಎಳೆಯರನ್ನು ಕೂರಿಸಿ ಬೆಲ್ಟ್ ಬಿಗಿಯಲಾಯಿತು. ಕೆಳಗಿನ ಸರಕಿನ ಅಂಕಣದಲ್ಲಿ ಆಸನಗಳೇ ಇರಲಿಲ್ಲ, ಅಲ್ಲಿದ್ದವರು ನೆಲದ ಮೇಲೇ ಕುಳಿತರು. ಯಾರು ಬದುಕುತ್ತಾರೆಂಬುದು ಬಹುಮಟ್ಟಿಗೆ ಅಲ್ಲೇ ತೀರ್ಮಾನವಾಗಿತ್ತು.

ಹಾರಿ ಸುಮಾರು ಹನ್ನೆರಡು ನಿಮಿಷಕ್ಕೆ, 23,000 ಅಡಿ ಎತ್ತರದಲ್ಲಿ, ಹಿಂಬದಿಯ ಸರಕು ಬಾಗಿಲಿನ ಚಿಲಕಗಳು ಕೈಕೊಟ್ಟವು. ಒಳಗಿನ ಗಾಳಿ ಒತ್ತಡದಿಂದ ಹೊರನುಗ್ಗಿದ ರಭಸಕ್ಕೆ ಬಾಗಿಲು ಕಿತ್ತುಹೋಯಿತು. ಬಾಲದ ನಿಯಂತ್ರಣ ಕೇಬಲ್‌ಗಳು ತುಂಡಾಗಿ, ನಾಲ್ಕು ಹೈಡ್ರಾಲಿಕ್ ವ್ಯವಸ್ಥೆಗಳಲ್ಲಿ ಎರಡು ಸತ್ತವು. ಮೂತಿಯನ್ನು ಎತ್ತುವ, ಇಳಿಸುವ ಹಿಡಿತವೇ ಇಲ್ಲದ ವಿಮಾನವನ್ನು ಕ್ಯಾಪ್ಟನ್ ಡೆನಿಸ್ ಟ್ರೇನರ್ ಎಂಜಿನ್‌ಗಳ ವೇಗವನ್ನು ಹೆಚ್ಚು ಕಡಿಮೆ ಮಾಡುತ್ತಲೇ ಸೈಗಾನ್ ಕಡೆಗೆ ತಿರುಗಿಸಿದರು. ರನ್‌ವೇ ಸಿಗಲಿಲ್ಲ. ಭತ್ತದ ಗದ್ದೆಗೆ ತಾಗಿದ ವಿಮಾನ ಮತ್ತೆ ಮೇಲೆದ್ದು, ಸೈಗಾನ್ ನದಿಯನ್ನು ದಾಟಿ, ಆಚೆ ದಡದ ಏರಿಗೆ ಬಡಿದು ಹೋಳಾಯಿತು. ಕೆಳ ಅಂಕಣದವರಲ್ಲಿ ಉಳಿದವರು ತೀರಾ ಕೆಲವರು. ಮೇಲಿನವರಲ್ಲಿ ಬಹುತೇಕರು ಬದುಕಿದರು. ಅಧಿಕೃತ ಲೆಕ್ಕದಂತೆ ಸತ್ತವರು 138 ಮಂದಿ, ಅವರಲ್ಲಿ 78 ಮಕ್ಕಳು.

ಯುದ್ಧಕಾಲವಾದ್ದರಿಂದ ವಿಧ್ವಂಸಕ ಕೃತ್ಯದ ಗುಮಾನಿ ಮೊದಲು ಎದ್ದದ್ದು ಸಹಜವೇ. ಆದರೆ ತನಿಖೆ ಹೋಗಿ ನಿಂತದ್ದು ನಿರ್ವಹಣೆಯ ಕಡತದ ಮುಂದೆ: ಆ ಚಿಲಕಗಳ ಬಿಡಿಭಾಗಗಳನ್ನು ಬೇರೆ ವಿಮಾನಕ್ಕೆಂದು ಬಿಚ್ಚಿಕೊಳ್ಳಲಾಗಿತ್ತು, ಆಮೇಲೆ ಮರಳಿ ಜೋಡಿಸಿದ್ದು ಸರಿಯಾಗಿರಲಿಲ್ಲ, ಬರೆದಿಟ್ಟದ್ದೂ ಪೂರ್ತಿಯಾಗಿರಲಿಲ್ಲ. ಶತ್ರುವಿನ ಗುಂಡಿಗಿಂತ ಇದನ್ನು ಒಪ್ಪಿಕೊಳ್ಳುವುದು ಕಷ್ಟ ಎಂದೇ ನನಗನಿಸುತ್ತದೆ.

ಬದುಕುಳಿದ ಮಕ್ಕಳ ಪರವಾಗಿ, ದತ್ತು ಸಂಸ್ಥೆಯಾದ ಫ್ರೆಂಡ್ಸ್ ಫಾರ್ ಆಲ್ ಚಿಲ್ಡ್ರನ್, ವಿಮಾನ ತಯಾರಿಸಿದ ಲಾಕ್‌ಹೀಡ್ ಕಂಪನಿಯ ಮೇಲೆ ದಾವೆ ಹೂಡಿತು. ಆಮ್ಲಜನಕದ ಕೊರತೆಯಿಂದಲೂ ಆಘಾತದಿಂದಲೂ ಮೆದುಳಿಗೆ ಪೆಟ್ಟಾಗಿರಬಹುದು, ಅದನ್ನು ಪರೀಕ್ಷಿಸುವ ಖರ್ಚನ್ನಾದರೂ ಕಂಪನಿ ಕೊಡಲಿ ಎಂಬುದು ವಾದ. ಗಾಯ ಸಾಬೀತಾಗುವ ಮುನ್ನವೇ ಹಣ ಕೇಳಬಹುದೇ? 1984ರಲ್ಲಿ ವಾಷಿಂಗ್ಟನ್‌ನ ಮೇಲ್ಮನವಿ ನ್ಯಾಯಾಲಯ ಇದಕ್ಕೊಂದು ಸಾದಾ ಉದಾಹರಣೆ ಕೊಟ್ಟಿತು: ಕೆಂಪು ದೀಪವನ್ನು ಲೆಕ್ಕಿಸದೆ ಬಂದ ಮೋಟಾರ್‌ಬೈಕ್ ಬಡಿದು ಒಬ್ಬನ ತಲೆ ನೆಲಕ್ಕೆ ಅಪ್ಪಳಿಸಿದರೆ, ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ, ಆ ಪರೀಕ್ಷೆಯ ಬಿಲ್ಲನ್ನು ಬೈಕಿನವನೇ ಕಟ್ಟಬೇಕಲ್ಲವೇ? ಅಮೆರಿಕದ ಹೊರಗೆ ದತ್ತು ಹೋಗಿದ್ದ ಮಕ್ಕಳ ತಪಾಸಣೆಗೆ ಲಾಕ್‌ಹೀಡ್ ಹಣ ತೆರಬೇಕೆಂಬ ಕೆಳಗಿನ ಕೋರ್ಟಿನ ಆದೇಶ ಊರ್ಜಿತವಾಯಿತು. ಅಷ್ಟು ಹೊತ್ತಿಗೆ ವಿಮಾನ ಬಿದ್ದು ಒಂಬತ್ತು ವರ್ಷವಾಗಿತ್ತು.